ನಾನೂ ತೆರಿಗೆ ಕಟ್ಟೋನೇ!

ತಕ್ಕಡಿ ರಾಯರು ಯಾರನ್ನೂ ನಂಬುತ್ತಿರಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ತೂಕದ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವರಿಗೆ ಲೋಕದ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಫಳಫಳ ಹೊಳೆಯುವ ಕಿಲೋ ಬಟ್ಟನ್ನು ತಿರುಗಿಸಿದರೆ ತಳದಲ್ಲಿ ಸೀಸ ಕೆರೆದ ಗುಳಿ; ಗಂಭೀರವಾಗಿ ಸೊನ್ನೆ ತೋರಿಸುವ ಯಂತ್ರವನ್ನು ಬಿಚ್ಚಿದರೆ ತಟ್ಟೆಯ ಕೆಳಗೆ ಅಂಟಿಸಿದ ಅಯಸ್ಕಾಂತ. ದಿನವಿಡೀ ಇಂಥವನ್ನೇ ನೋಡಿ ಮನೆಗೆ ಬರುವ ಅವರು ಹೆಂಡತಿ ಕೊಟ್ಟ ಕಾಫಿಯ ಲೋಟವನ್ನೂ ಒಮ್ಮೆ ಎತ್ತಿ ತಳ ನೋಡಿಯೇ ಕುಡಿಯುತ್ತಿದ್ದರು. ‘ತಕ್ಕಡಿ ರಾಯರು’ ಎಂಬುದು ಅವರಿದ್ದ ಮೂರಂತಸ್ತಿನ ಕಟ್ಟಡದವರು ಇಟ್ಟ ಹೆಸರು. ಅಸಲಿ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು.

ಇಂಥ ಎಚ್ಚರದ ಮನುಷ್ಯರಿಗೂ ಒಂದು ಗುಳಿ ಇತ್ತು. ಅದರ ಹೆಸರು ಷಡ್ಡಕ.

ರಾಯರ ಹೆಂಡತಿಯ ತಂಗಿಯ ಗಂಡ, ಎಂದರೆ ಈ ಷಡ್ಡಕ, ಟೈಲ್ಸ್ ಅಂಗಡಿ ಇಟ್ಟಿದ್ದ. ವಯಸ್ಸಿನಲ್ಲಿ ಚಿಕ್ಕವನು, ಮಿಕ್ಕ ಎಲ್ಲದರಲ್ಲೂ ದೊಡ್ಡವನು. ಮನೆಗೆ ಬಂದರೆ ಸೋಫಾದಲ್ಲಿ ಕುಸಿದು ಕೂತು, "ಏನ್ ಕೇಳ್ತೀರಣ್ಣ, ನಾವು ದುಡಿಯೋದು, ಸರ್ಕಾರ ನುಂಗೋದು. ಈ ತೆರಿಗೆ ನನ್ನನ್ನ ತಿಂದು ಹಾಕ್ತಿದೆ" ಎಂದು ನರಳುತ್ತಿದ್ದ. ಆ ನರಳಾಟದಲ್ಲಿ ಒಂದು ವೈಭವವಿತ್ತು. ಕೊರಳಲ್ಲಿ ಚಿನ್ನದ ಸರ ಹಾಕಿಕೊಂಡವನು ಜಂಭಗಾರ ಅನ್ನಿಸಿಕೊಳ್ಳುತ್ತಾನೆ. ತೆರಿಗೆ ಭಾರಕ್ಕೆ ನರಳುವವನು ಶ್ರೀಮಂತನೂ ಹೌದು, ಅಯ್ಯೋ ಪಾಪವೂ ಹೌದು. ಈ ಸೂಕ್ಷ್ಮವನ್ನು ಗಮನಿಸಿದ ರಾಯರು ತಾವೂ ನರಳುವುದನ್ನು ಕಲಿತರು. ಮೆಟ್ಟಿಲ ಮೇಲೆ ಯಾರಾದರೂ "ಹೇಗಿದ್ದೀರಿ?" ಎಂದರೆ, "ಹೇಗಿರೋದು? ನಮ್ಮಂಥ ತೆರಿಗೆ ಕಟ್ಟೋರ ಗೋಳು ಯಾರಿಗೆ ಬೇಕು!" ಎಂದು ನಿಟ್ಟುಸಿರು ಬಿಡುತ್ತಿದ್ದರು.

ನಿಜ ಏನೆಂದರೆ, ಅವರ ಸಂಬಳ ತೆರಿಗೆ ಶುರುವಾಗುವ ಗೆರೆಗಿಂತ ಎಷ್ಟು ಕೆಳಗಿತ್ತೆಂದರೆ, ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಅದು ಸಿಗುತ್ತಿರಲಿಲ್ಲ. ಈ ಗುಟ್ಟು ಅವರ ಹೆಂಡತಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಷಡ್ಡಕನಿಗೆ ಗೊತ್ತಾಗಲೇಬಾರದಿತ್ತು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ದೊಡ್ಡ ಮಗಳ ಮನೆಗೆ ಬಂದರು. ಅವರಿಗಾಗಿ ಒಂದು ಗಾಲಿಕುರ್ಚಿಯನ್ನು ಎರಡು ತಿಂಗಳ ಮಟ್ಟಿಗೆ ತಂದದ್ದಾಯಿತು. ಅದನ್ನು ಬಾಡಿಗೆಯಿಲ್ಲದೆ ಕೊಟ್ಟದ್ದು ಹಿಂದಿನ ಬೀದಿಯ ಒಂದು ಸಂಘ. ಸಂಘ ಅಂದರೆ ನಿವೃತ್ತ ನರ್ಸಮ್ಮ ಒಬ್ಬರು, ಒಂದು ಕೋಣೆ, ಆ ಕೋಣೆಯ ತುಂಬ ಗಾಲಿಕುರ್ಚಿ, ಊರುಗೋಲು, ತಿರುಗಣೆ ತಿರುಗಿಸಿದರೆ ತಲೆಕಡೆ ಏಳುವ ಮಂಚ. ಬೇಕಾದವರು ಒಯ್ಯಬೇಕು, ವಾಸಿಯಾದ ಮೇಲೆ ಒರೆಸಿ ತಂದಿಡಬೇಕು, ಅಷ್ಟೆ.

ಬಾಡಿಗೆ ಇಲ್ಲ ಎಂದಾಗಲೇ ರಾಯರಿಗೆ ಅನುಮಾನ ಶುರುವಾಗಿತ್ತು. ಎರಡು ತಿಂಗಳೂ ಅವರು ಆ ಕುರ್ಚಿಯ ಕೆಳಗೆ ಬಗ್ಗಿ ಬಗ್ಗಿ ನೋಡಿದ್ದರು. ಏನೂ ಸಿಗದಿದ್ದುದು ಅವರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಕುರ್ಚಿ ವಾಪಸು ಮಾಡುವ ದಿನ ಷಡ್ಡಕನೂ ಜತೆಗೆ ಬಂದ. ಕುರ್ಚಿ ಅವನ ಕಾರಿನಲ್ಲಿ ಹೋಗಬೇಕಿತ್ತಲ್ಲ. ಕೋಣೆಯೊಳಗೆ ಕಾಲಿಟ್ಟವನೇ ಐನೂರರ ನೋಟನ್ನು ಎರಡು ಬೆರಳಲ್ಲಿ ಹಿಡಿದು, ನರ್ಸಮ್ಮನ ಪಕ್ಕ ನಿಂತು, ರಾಯರ ಕೈಗೆ ತನ್ನ ಫೋನು ಕೊಟ್ಟು, "ಅಣ್ಣ, ನೋಟು ಕಾಣೋ ಹಾಗೆ ಒಂದು ಫೋಟೊ ತೆಗೀರಿ" ಎಂದ. ರಾಯರು ತೆಗೆದರು. ಹೊಟ್ಟೆಯಲ್ಲಿ ಏನೋ ಉರಿದಂತಾಯಿತು. ಆ ಉರಿಯ ಭರದಲ್ಲಿ ಅವರ ಕೈ ತಾನಾಗಿ ಜೇಬಿಗೆ ಹೋಗಿ, ತಿಂಗಳ ಸಾಮಾನಿಗೆಂದು ಹೆಂಡತಿ ಕೊಟ್ಟಿದ್ದ ಸಾವಿರವನ್ನು ತೆಗೆದು ಮೇಜಿನ ಮೇಲಿಟ್ಟುಬಿಟ್ಟಿತು. ಇಟ್ಟಾದ ಮೇಲೆ ಕೈಗೆ ಪಶ್ಚಾತ್ತಾಪವಾಯಿತು, ಆದರೆ ಅಷ್ಟರಲ್ಲಿ ನರ್ಸಮ್ಮ ರಸೀದಿ ಪುಸ್ತಕ ತೆರೆದಾಗಿತ್ತು.

"ನಿಮ್ಮಂಥೋರಿಂದಲೇ ನಡೀತಿದೆ ಸರ್" ಎಂದು ಆಕೆ ಇಬ್ಬರ ಮುಂದೂ ಒಂದೊಂದು ಕಾಗದ ಇಟ್ಟರು. "ಇದೊಂದು ತುಂಬಿಸಿಕೊಟ್ಟರೆ ನಮಗೆ ದೊಡ್ಡ ಉಪಕಾರ. ನೀವು ಕೊಟ್ಟ ಸಾವಿರದ ಮೇಲೆ ಸರ್ಕಾರ ನಮಗೆ ಇನ್ನೂರೈವತ್ತು ಕೊಡುತ್ತೆ."

ರಾಯರ ಹುಬ್ಬು ಮೇಲೇರಿತು. "ಸರ್ಕಾರ ಕೊಡುತ್ತಾ? ಯಾಕೆ?"

"ನೀವು ದುಡಿದ ದುಡ್ಡಿಗೆ ಮೊದಲೇ ತೆರಿಗೆ ಕಟ್ಟಿರ್ತೀರಲ್ಲ. ಆ ದುಡ್ಡನ್ನ ದಾನ ಕೊಟ್ಟಾಗ, ‘ಇದು ಒಳ್ಳೆ ಕೆಲಸಕ್ಕೆ ಹೋಯ್ತು, ಇದರ ಮೇಲಿನ ತೆರಿಗೆ ನಮಗೆ ಬೇಡ’ ಅಂತ ಸರ್ಕಾರ ಅದನ್ನ ಸಂಘಕ್ಕೆ ಬಿಟ್ಟುಕೊಡುತ್ತೆ."

"ನನ್ನ ಜೇಬಿಂದ ಏನೂ ಹೋಗಲ್ಲ?"

"ಒಂದು ಕಾಸೂ ಇಲ್ಲ."

"ನಿಮ್ಮ ಜೇಬಿಂದ?"

"ನಮ್ಮದೆಲ್ಲಿ ಬಂತು!"

"ಮತ್ತೆ ಯಾರ ಜೇಬಿಂದ?"

"ನೀವು ಆಗಲೇ ಕಟ್ಟಿರೋ ತೆರಿಗೆಯಿಂದ ಸರ್."

"ಅಂದ್ರೆ ನನ್ನ ಜೇಬಿಂದಲೇ!" ಎಂದು ರಾಯರು ಕಳ್ಳನನ್ನು ಹಿಡಿದವರಂತೆ ಕುರ್ಚಿಯಿಂದ ಅರ್ಧ ಎದ್ದರು.

ನರ್ಸಮ್ಮ ತಾಳ್ಮೆಯಿಂದ ಇನ್ನೊಮ್ಮೆ ವಿವರಿಸಿದರು. ಮೂವತ್ತು ವರ್ಷ ಇಂಜೆಕ್ಷನ್ನಿಗೆ ಹೆದರುವವರನ್ನು ಸಂಭಾಳಿಸಿದವರು ಆಕೆ. ಕೊನೆಗೆ ಷಡ್ಡಕನ ಕಡೆ ತಿರುಗಿ, "ಜಾಸ್ತಿ ತೆರಿಗೆ ಕಟ್ಟೋರಾದ್ರೆ ಅವರಿಗೂ ಒಂದಿಷ್ಟು ವಾಪಸ್ ಸಿಗುತ್ತೆ" ಎಂದರು.

ಷಡ್ಡಕ ಕಾಗದವನ್ನು ಬಿಸಿ ಪಾತ್ರೆ ತಳ್ಳಿದ ಹಾಗೆ ಬೆರಳ ತುದಿಯಲ್ಲಿ ತಳ್ಳಿದ. "ನಂದು ಗುಪ್ತದಾನ ಕಣಮ್ಮ. ಹೆಸರು, ವಿಳಾಸ, ಸಹಿ ಏನೂ ಬೇಡ." ಹೀಗೆಂದು ತನ್ನ ಗುಪ್ತದಾನದ ಫೋಟೊವನ್ನು ನೂರಾರು ಜನರಿಗೆ ಕಳಿಸುವುದರಲ್ಲಿ ಮುಳುಗಿದ.

ರಾಯರು ಕಾಗದವನ್ನು ಓದಿದರು. ಹಿಂದೆ ತಿರುಗಿಸಿ ಓದಿದರು. ಬೆಳಕಿಗೆ ಹಿಡಿದು ಓದಿದರು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ‘ದಾನಿಯು ಕಟ್ಟಿದ ತೆರಿಗೆ ಸಾಲದೆ ಬಂದಲ್ಲಿ ವ್ಯತ್ಯಾಸವನ್ನು ದಾನಿಯೇ ಭರಿಸತಕ್ಕದ್ದು’ ಎಂದಿತ್ತು. ಅದರ ಮೇಲೆ ‘ನಾನು ತೆರಿಗೆದಾರ’ ಎಂಬ ಮಾತು, ಮುಂದೆ ಒಂದು ಖಾಲಿ ಚೌಕ.

ಅವರು ತಡ ಮಾಡಿದ್ದನ್ನು ಕಂಡು ನರ್ಸಮ್ಮ ಮೆತ್ತಗೆ, "ತೆರಿಗೆ ಕಟ್ಟೋ ಅಷ್ಟು ಸಂಬಳ ಇಲ್ಲದಿದ್ರೆ ಪರವಾಗಿಲ್ಲ ಸರ್, ಗೀಟು ಹಾಕಬೇಡಿ. ಎಷ್ಟೋ ಜನಕ್ಕೆ ಇರಲ್ಲ" ಎಂದರು.

ಷಡ್ಡಕ ಫೋನಿನಿಂದ ತಲೆ ಎತ್ತಿದ.

ಆ ‘ಪರವಾಗಿಲ್ಲ’ ಎಂಬ ಮಾತು ಮತ್ತು ಎತ್ತಿದ ಆ ತಲೆ, ಇವೆರಡೂ ಇಲ್ಲದಿದ್ದರೆ ಮುಂದಿನ ಅನಾಹುತ ಯಾವುದೂ ನಡೆಯುತ್ತಿರಲಿಲ್ಲ. ರಾಯರು ಇರುವೆ ಅಕ್ಷರಗಳ ಮೇಲೆ ಎಡಗೈ ಹೆಬ್ಬೆರಳು ಒತ್ತಿಕೊಂಡು, "ಇಲ್ಲದೆ ಏನಮ್ಮಾ! ನಾನೂ ತೆರಿಗೆ ಕಟ್ಟೋನೇ!" ಎಂದು ಚೌಕದೊಳಗೆ ಗೀಟೆಳೆದರು. ಗೀಟು ಚೌಕ ದಾಟಿ ಪಕ್ಕದ ವಿಳಾಸದವರೆಗೂ ಹೋಯಿತು.

ಐದು ತಿಂಗಳು ಕಳೆದವು. ಒಂದು ಶನಿವಾರ ಬೆಳಿಗ್ಗೆ ತೆರಿಗೆ ಇಲಾಖೆಯ ಮುದ್ರೆಯಿದ್ದ ಲಕೋಟೆ ಬಂತು. ಕಟ್ಟಡದ ಕಾರ್ಯದರ್ಶಿಯಾಗಿದ್ದವರು ಕೆಳಮನೆಯ ನಿವೃತ್ತ ಹೆಡ್‌ಮಾಸ್ತರು. ಬಂದ ಟಪಾಲನ್ನೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ಹಂಚುವುದು ಅವರ ಸೇವೆ. ಹಂಚುವ ಮುನ್ನ ಎರಡೂ ಬದಿ ನೋಡುವುದು ಆ ಸೇವೆಯ ಸಂಬಳ.

"ರಾಯರೇ, ತೆರಿಗೆ ಇಲಾಖೆಯಿಂದ!" ಎಂದು ಅವರು ಕೂಗಿದ ದನಿಗೆ ಮೂರಂತಸ್ತಿನ ಬಾಗಿಲುಗಳೂ ತೆರೆದವು.

ಸಾವಿರ ಕೊಟ್ಟದ್ದಕ್ಕೆ ಸರ್ಕಾರ ಧನ್ಯವಾದ ಹೇಳಿರಬೇಕು ಎಂದುಕೊಂಡ ರಾಯರ ಎದೆ ಉಬ್ಬಿತು. ಎಲ್ಲವನ್ನೂ ಅನುಮಾನಿಸುವ ಮನುಷ್ಯ ಒಮ್ಮೆಯಾದರೂ ನಂಬಬೇಕಲ್ಲ. ಆ ಒಂದು ಸಲವನ್ನು ಅವರು ಇಲ್ಲಿ ಖರ್ಚು ಮಾಡಿದರು. "ನನ್ನ ಕನ್ನಡಕ ಮೇಲಿದೆ ಮೇಷ್ಟ್ರೇ. ನೀವೇ ಗಟ್ಟಿಯಾಗಿ ಓದಿ, ಎಲ್ಲರೂ ಕೇಳಲಿ!"

ಹೆಡ್‌ಮಾಸ್ತರು ಕೊನೆ ಬೆಂಚಿಗೂ ಕೇಳುವಂತೆ ಓದಿದರು: "‘ತಾವು ದಾನದ ಪತ್ರದಲ್ಲಿ ತೆರಿಗೆದಾರರೆಂದು ಘೋಷಿಸಿದ್ದೀರಿ. ಆದರೆ ತಮ್ಮ ಹೆಸರಿನಲ್ಲಿ ಈವರೆಗೆ ಯಾವುದೇ ತೆರಿಗೆ ಪಾವತಿಯಾದ ದಾಖಲೆ ಕಂಡುಬಂದಿಲ್ಲ. ಈ ಬಗ್ಗೆ ವಿಚಾರಿಸಲು ನಮ್ಮ ಅಧಿಕಾರಿ ಸದ್ಯದಲ್ಲೇ ಭೇಟಿ ನೀಡಲಿದ್ದಾರೆ.’"

ಮೆಟ್ಟಿಲ ಮೇಲೆ ಸೂಜಿ ಬಿದ್ದರೂ ಕೇಳುವಂತಿತ್ತು. ಎದುರು ಮನೆಯ ಟೈಲರಮ್ಮನ ಬಾಯಲ್ಲಿ ಸೂಜಿ ಇದ್ದೇ ಇತ್ತು, ಆಕೆ ಅದನ್ನು ತೆಗೆದು, "ಯಾವುದೇ ತೆರಿಗೆ... ಈವರೆಗೆ..." ಎಂದು ಮೆಲ್ಲಗೆ ಉರು ಹಾಕಿದರು.

ರಾಯರಿಗೆ ಈಗ ಎರಡೇ ದಾರಿ. ‘ನನಗೆ ತೆರಿಗೆ ಬೀಳುವಷ್ಟು ಸಂಬಳವೇ ಇಲ್ಲ’ ಎನ್ನಬೇಕು; ಇಲ್ಲವೇ ಕಳ್ಳ ಅನ್ನಿಸಿಕೊಳ್ಳಬೇಕು. ಅವರು ಗಂಟಲು ಸರಿಮಾಡಿಕೊಂಡು, "ಹುಂ... ದೊಡ್ಡ ವ್ಯವಹಾರದಲ್ಲಿ ಇಂಥವೆಲ್ಲ ಇರುತ್ತೆ" ಎಂದು ಮೆಟ್ಟಿಲು ಹತ್ತಿದರು.

ಬಾಗಿಲಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಯಾವ ದೊಡ್ಡ ವ್ಯವಹಾರಾರೀ? ಹೋದ ತಿಂಗಳು ಕೊಡೆ ರಿಪೇರಿ ಮಾಡಿಸಿದ್ರಲ್ಲ, ಅದಾ?"

"ಷ್! ಅತ್ತೆ ಕೇಳಿಸ್ಕೋತಾರೆ."

ಕುರ್ಚಿ ಹೋದರೂ ಊರುಗೋಲು ಹಿಡಿದು ಅಲ್ಲೇ ಉಳಿದಿದ್ದ ಅತ್ತೆ ಆಗಲೇ ಕೇಳಿಸಿಕೊಂಡಿದ್ದರು. ಅಂದಿನಿಂದ ಅವರು ಊರುಗೋಲಿನಿಂದ ಮನೆಯ ಗೋಡೆಗಳನ್ನು ಟಕಟಕ ಬಡಿದು ನೋಡತೊಡಗಿದರು. "ಅಳಿಯಂದಿರೇ, ಈ ಕಪಾಟಿನ ಹಿಂದೆ ಟೊಳ್ಳು ಸದ್ದು ಬರುತ್ತೆ. ನನ್ನ ಹತ್ರ ಮುಚ್ಚಿಡಬೇಡಿ. ನಾನು ಯಾರಿಗೂ ಹೇಳಲ್ಲ, ಚಿಕ್ಕ ಮಗಳಿಗೆ ಮಾತ್ರ ಹೇಳ್ತೀನಿ."

ವಾರದೊಳಗೆ ರಾಯರ ಗುಪ್ತ ಐಶ್ವರ್ಯ ಬೀದಿಗೆಲ್ಲ ಸಾಬೀತಾಯಿತು. ಒಂದನೇ ತಾರೀಕು ತಪ್ಪಿದರೆ ಬಾಗಿಲು ಬಡಿಯುತ್ತಿದ್ದ ಹಾಲಿನವನು, "ನಿಧಾನಕ್ಕೆ ಕೊಡಿ ಸಾಹೇಬ್ರೇ, ಎಲ್ಲಿ ಹೋಗುತ್ತೆ" ಎಂದ. ಟೈಲರಮ್ಮ, "ಅದಕ್ಕೇ ನೋಡಿ ಅವರು ಹರಿದ ಚಪ್ಪಲಿ ಹಾಕೋದು. ನಿಜವಾಗಿ ದುಡ್ಡಿರೋರು ಹೀಗೇ ಇರ್ತಾರೆ" ಎಂದರು. ಹೆಡ್‌ಮಾಸ್ತರು ನೀರಿನ ಟ್ಯಾಂಕಿನ ರಿಪೇರಿ ಪಟ್ಟಿಯಲ್ಲಿ ರಾಯರ ಹೆಸರಿನ ಮುಂದೆ ಉಳಿದವರ ಮೂರರಷ್ಟು ಬರೆದು, "ನಿಮಗೇನು ಭಾರ!" ಎಂದು ಕಣ್ಣು ಹೊಡೆದರು.

ಇದೆಲ್ಲ ರಾಯರಿಗೆ ಒಳಗೊಳಗೇ ಹಿತವಾಗಿಯೇ ಇತ್ತು. ಆದರೆ ಸುದ್ದಿ ತೂಕದ ಅಂಗಡಿಯನ್ನೂ ತಲುಪಿತು. ಅಂಗಡಿಯ ಮಾಲೀಕರು ಒಂದು ಮಾತೂ ಆಡದೆ ಗಲ್ಲಾಪೆಟ್ಟಿಗೆಗೆ ಹೊಸ ಬೀಗ ಹಾಕಿಸಿದರು. ಹಿತ್ತಾಳೆ ಬಟ್ಟುಗಳನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಸತೊಡಗಿದರು. ಕೊನೆಗೆ ತಡೆಯಲಾರದೆ, "ನಾನು ಕೊಡೋ ಸಂಬಳ ನನಗೆ ಗೊತ್ತು. ಅದರಲ್ಲಿ ತೆರಿಗೆಯವರು ಮನೆಗೆ ಬರೋದು ಹ್ಯಾಗೆ? ಈ ತಿಂಗಳೊಳಗೆ ನನಗೆ ಉತ್ತರ ಬೇಕು" ಎಂದರು. ಇಪ್ಪತ್ತೆರಡು ವರ್ಷ ಬೇರೆಯವರ ಬಟ್ಟಿನ ತಳ ತಿರುಗಿಸಿ ನೋಡಿದ್ದವರನ್ನೇ ಈಗ ಮಾಲೀಕರು ತಿರುಗಿಸಿ ನೋಡುತ್ತಿದ್ದರು.

ಇದಕ್ಕೆಲ್ಲ ಆ ನರ್ಸಮ್ಮನೇ ಮೂಲ, ಆಕೆಯದೇ ಏನೋ ಮೋಸವಿದೆ ಎಂದು ತೀರ್ಮಾನಿಸಿ ರಾಯರು ಜಗಳಕ್ಕೆ ಸಿದ್ಧರಾಗಿ ಸಂಘದ ಕೋಣೆಗೆ ಹೋದರು. ಅಲ್ಲಿ ಬೇಕರಿಯವನೊಬ್ಬ ಹಿಟ್ಟು ಮೆತ್ತಿದ ಕೈ ಕಟ್ಟಿಕೊಂಡು ನಿಂತಿದ್ದ.

"ತಿರುಗಣೆ ಮಂಚ ಒಂದೂ ಖಾಲಿ ಇಲ್ವಾ ನರ್ಸಮ್ಮ? ಹೆಂಡತಿಗೆ ಬೆನ್ನಿನ ಆಪರೇಶನ್ ಆಗಿದೆ. ಮೂರು ದಿಂಬು ಇಟ್ಟು ಕೂರಿಸ್ತಿದ್ದೀನಿ, ಜಾರಿ ಹೋಗ್ತಾಳೆ."

"ಎರಡು ಮಂಚಕ್ಕೆ ಹೇಳಿ ಬಂದಿದ್ದೆ ಕಣಪ್ಪ. ಸರ್ಕಾರದಿಂದ ಬರೋ ದುಡ್ಡನ್ನ ನಂಬಿಕೊಂಡು. ಈಗ ಆರು ತಿಂಗಳದ್ದು ಪೂರ್ತಿ ತಡೆಹಿಡಿದಿದ್ದಾರೆ."

"ಯಾಕೆ?" ಎಂದು ಕೇಳಿದ್ದು ರಾಯರು.

ನರ್ಸಮ್ಮ ತಿರುಗಿದರು. "ಬನ್ನಿ ಸರ್. ಯಾರೋ ಒಬ್ಬ ಮಹಾನುಭಾವ ತೆರಿಗೆ ಕಟ್ಟದೇ ಇದ್ರೂ ಕಟ್ತೀನಿ ಅಂತ ಗೀಟು ಹಾಕಿದ್ದಾನಂತೆ. ಯಾರು ಅಂತ ನಮಗೆ ಹೇಳ್ತಿಲ್ಲ. ಅದು ಇತ್ಯರ್ಥ ಆಗೋವರೆಗೂ ನಾವು ಕೇಳಿದ್ದೆಲ್ಲ ಅನುಮಾನವೇ ಅಂತೆ. ಇನ್ನೂರೈವತ್ತರ ಒಂದು ಗೀಟಿಗೆ ಇನ್ನೂರು ಜನರ ದಾನ ಕೂತುಬಿಟ್ಟಿದೆ." ಆಮೇಲೆ ರಾಯರ ಮುಖ ನೋಡಿ, "ನೀವೇನು ಬಂದಿದ್ದು?" ಎಂದರು.

"ಸುಮ್ನೆ... ಕುರ್ಚಿಗಳೆಲ್ಲ ಚೆನ್ನಾಗಿದಾವಾ ಅಂತ ನೋಡಿ ಹೋಗೋಣ ಅಂತ" ಎಂದು ರಾಯರು ಒಂದು ಗಾಲಿಯನ್ನು ತಿರುಗಿಸಿದರು. ಅದು ಕಿರ್ರೆಂದಿತು. ಅವರು ಜೇಬಿನಲ್ಲಿದ್ದ ಸಣ್ಣ ಎಣ್ಣೆಡಬ್ಬಿ ತೆಗೆದು, ಅಲ್ಲಿದ್ದ ಎಂಟು ಕುರ್ಚಿಗಳ ಮೂವತ್ತೆರಡು ಗಾಲಿಗಳಿಗೂ ಎಣ್ಣೆ ಬಿಟ್ಟು, ಬೇಕರಿಯವನ ಕಡೆ ತಿರುಗಿ ನೋಡದೆ ಹೊರಬಂದರು.

ಮುಂದಿನ ಶನಿವಾರ ಷಡ್ಡಕ ಒಂದು ಕಿಲೋ ಸೇಬು ಹಿಡಿದು ಬಂದ. ಅವನ ಮುಖದಲ್ಲಿ ರಾಯರು ಎಂದೂ ಕಾಣದ ಗೌರವವಿತ್ತು.

"ಅಣ್ಣ, ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ. ನೀವು ಆಳವಾದ ಆಸಾಮಿ! ಒಂದು ಕಾಸೂ ಕಟ್ಟಿಲ್ವಂತಲ್ಲ, ಇಷ್ಟು ವರ್ಷದಲ್ಲಿ! ನನಗೇ ಅಷ್ಟು ಸಾಧ್ಯ ಆಗಿಲ್ಲ." ಸೋಫಾದಲ್ಲಿ ಮುಂದಕ್ಕೆ ಜರುಗಿ ದನಿ ತಗ್ಗಿಸಿದ. "ಆದರೆ ಆ ಗೀಟು ಹಾಕಿದ್ದು ತಪ್ಪು. ಕಾಗದದ ಮೇಲೆ ನಮ್ಮ ಹೆಸರೇ ಬರಬಾರ್ದು."

ಆಗ ಬಾಗಿಲು ತಟ್ಟಿದ ಸದ್ದಾಯಿತು. ಎಡಗಾಲಿಗೆ ಪ್ಲಾಸ್ಟರ್ ಹಾಕಿದ, ಎರಡು ಕಂಕುಳಲ್ಲೂ ಊರುಗೋಲು ಇಟ್ಟುಕೊಂಡ, ನಡುವಯಸ್ಸಿನ ಒಬ್ಬರು ಏದುಸಿರು ಬಿಡುತ್ತ ನಿಂತಿದ್ದರು. ಎರಡು ಮಹಡಿ ಹತ್ತಿದ್ದಕ್ಕೆ ಅವರ ಬಾಯಿಂದ ಮಾತು ಹೊರಡುತ್ತಿರಲಿಲ್ಲ. "ದಾನದ... ಕಾಗದದ ವಿಷಯ..." ಎಂದರು. ಅಷ್ಟರಲ್ಲೇ ಉಸಿರು ಮುಗಿಯಿತು.

"ಓ, ಊರುಗೋಲು ಸಂಘದೋರು!" ಎಂದ ಷಡ್ಡಕ. "ಬನ್ನಿ, ಕೂತ್ಕೊಳ್ಳಿ. ನೀರು ಕೊಡಿ ಅತ್ತಿಗೆ."

ರಾಯರು ಆ ಮನುಷ್ಯನ ಪ್ಲಾಸ್ಟರನ್ನು ಅನುಮಾನದಿಂದ ನೋಡಿದರು. ಮಂಚಕ್ಕೆ ದುಡ್ಡು ಕೇಳಲು ನರ್ಸಮ್ಮನೇ ಕಳಿಸಿರಬಹುದು. ಬಂದವರು ನೀರು ಕುಡಿಯುತ್ತ ಕೂತರು. ಷಡ್ಡಕ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದ.

"ಅಣ್ಣ, ಆ ಅಧಿಕಾರಿ ಬಂದ್ರೆ ಹೆದರಬೇಡಿ. ಅವರು ಕೇಳೋದು ಒಂದೇ ಪುಸ್ತಕ. ಅದಕ್ಕೇ ನಾವು ಎರಡು ಇಡಬೇಕು. ನನ್ನ ಅಂಗಡೀಲಿ ಕೆಂಪು ರಟ್ಟಿಂದು ತೋರ್ಸೋಕೆ, ನೀಲಿ ರಟ್ಟಿಂದು ನೋಡ್ಕೊಳ್ಳೋಕೆ."

ಬಂದವರು ಲೋಟ ಕೆಳಗಿಟ್ಟು, "ನೀಲಿದು ಎಲ್ಲಿಡ್ತೀರಿ?" ಎಂದು ಆಸಕ್ತಿಯಿಂದ ಕೇಳಿದರು.

"ನೋಡಿ, ಕಾಲು ಮುರಿದಿದ್ರೂ ತಲೆ ಚುರುಕಾಗಿದೆ!" ಎಂದು ಷಡ್ಡಕ ಖುಷಿಪಟ್ಟ. "ಮಾದರಿ ಟೈಲ್ಸ್ ಜೋಡಿಸಿರೋ ಗೋಡೆ ಇದೆಯಲ್ಲ, ಅದರಲ್ಲಿ ಮೂರನೇ ಸಾಲು, ಹೂವಿನ ಟೈಲು. ಎಳೆದರೆ ಈಚೆ ಬರುತ್ತೆ."

"ಚೆನ್ನಾಗಿ ಹೇಳ್ತಿದ್ದೀರಿ. ಮುಂದುವರಿಸಿ."

ಷಡ್ಡಕ ಮುಂದುವರಿಸಿದ. ಇಲ್ಲದ ಕೆಲಸಗಾರರಿಗೆ ಸಂಬಳ ಕೊಡುವುದು ಹೇಗೆ, ಒಡೆಯದ ಟೈಲ್ಸನ್ನು ಒಡೆದದ್ದೆಂದು ಬರೆಯುವುದು ಹೇಗೆ, ಎಲ್ಲವನ್ನೂ ಕೈಯಾಡಿಸಿ ವಿವರಿಸಿದ. ಬಾಗಿಲಲ್ಲಿ ಟೈಲರಮ್ಮ, ಹೆಡ್‌ಮಾಸ್ತರು ಬಂದು ನಿಂತರು. ಇಷ್ಟು ಜನ ಕೇಳುವವರು ಸಿಕ್ಕಿದ್ದಕ್ಕೆ ಅವನ ದನಿ ಇನ್ನೂ ಏರಿತು. ಎಲ್ಲ ಮುಗಿದ ಮೇಲೆ, "ನಿಮಗ್ಯಾಕೆ ಸ್ವಾಮಿ ಇದೆಲ್ಲ? ನೀವೇನು ಮಾಡ್ಕೊಂಡಿದ್ದೀರಿ?" ಎಂದು ಕೇಳಿದ.

ಬಂದವರು ಜೇಬಿನಿಂದ ಗುರುತಿನ ಚೀಟಿ ತೆಗೆದರು. "ತೆರಿಗೆ ಇಲಾಖೆ. ಆಫೀಸಿನ ಮೆಟ್ಟಿಲಲ್ಲಿ ಬಿದ್ದೆ. ಅಂದಿನಿಂದ ನನಗೆ ಸಣ್ಣ ಫೈಲು ಮಾತ್ರ ಕೊಡ್ತಿದ್ದಾರೆ." ಒಂದು ಕ್ಷಣ ಷಡ್ಡಕನನ್ನೇ ನೋಡಿ, "ಇವತ್ತಿನವರೆಗೆ" ಎಂದರು.

ಷಡ್ಡಕ ತಾನು ತಂದ ಸೇಬಿನ ಚೀಲವನ್ನು ತಾನೇ ಎತ್ತಿಕೊಂಡು, "ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ" ಎಂದು ಎದ್ದ.

"ಕಾಯ್ತಿರಲಿ, ನಾವೂ ಬರ್ತೀವಿ" ಎಂದು ಅಧಿಕಾರಿ ರಾಯರ ಕಡೆ ತಿರುಗಿದರು. "ಈಗ ನಿಮ್ಮ ವಿಷಯ. ನೀವು ತೆರಿಗೆ ಕಟ್ತೀನಿ ಅಂತ ಬರೆದುಕೊಟ್ಟಿದ್ದೀರಿ. ಎಲ್ಲಿ ಕಟ್ತೀರಿ?"

ಬಾಗಿಲಲ್ಲಿ ಈಗ ಹಾಲಿನವನೂ ಇದ್ದ. ಅತ್ತೆ ಗೋಡೆ ಬಡಿಯುವುದನ್ನು ನಿಲ್ಲಿಸಿ ಬಂದಿದ್ದರು. ರಾಯರು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. "ನಾನು ಹೌದು ಅಂದ್ರೂ, ಇಲ್ಲ ಅಂದ್ರೂ... ಆ ಸಂಘದ ದುಡ್ಡು?"

"ನಿಮ್ಮದು ಇತ್ಯರ್ಥ ಆದ ತಕ್ಷಣ ಬಿಡುಗಡೆ."

ರಾಯರು ಎದ್ದು ನಿಂತರು. "ಸಾರ್, ನಾನು ತೆರಿಗೆ ಕದ್ದಿಲ್ಲ. ನನಗೆ ತೆರಿಗೆ ಬೀಳೋ ಅಷ್ಟು ಸಂಬಳ ಯಾವತ್ತೂ ಬಂದೇ ಇಲ್ಲ. ಬರೀ ಬಾಯಲ್ಲಿ ಕಟ್ತಿದ್ದೆ." ಆಮೇಲೆ ಹೆಂಡತಿಗೆ, "ಸಂಬಳದ ಚೀಟಿ ಡಬ್ಬಿ ತಗೊಂಡು ಬಾರೇ" ಎಂದರು.

ಹೆಂಡತಿ ಡಬ್ಬಿ ತಂದು ಮುಚ್ಚಳ ತೆಗೆದು ಅಧಿಕಾರಿಯ ಮುಂದಿಟ್ಟರು. ಗಂಡನ ಪಕ್ಕದಲ್ಲೇ ನಿಂತುಕೊಂಡರು. ಅಧಿಕಾರಿ ಚೀಟಿಗಳನ್ನು ಒಂದೊಂದಾಗಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. "ಇದರಲ್ಲಿ ಸಾವಿರ ದಾನ ಕೊಟ್ರಾ?" ಎಂದು ಮೆಲ್ಲಗೆ ಕೇಳಿದರು.

"ಷಡ್ಡಕ ಐನೂರು ಕೊಟ್ಟಿದ್ದ ಸಾರ್."

ಅಧಿಕಾರಿಗೆ ಇದು ಪೂರ್ತಿ ಅರ್ಥವಾಯಿತು, ಅವರಿಗೂ ಷಡ್ಡಕರಿದ್ದಿರಬೇಕು. "ನೋಡಿ, ನಿಮ್ಮ ಹೆಸರಲ್ಲಿ ಸಂಘಕ್ಕೆ ಹೋಗಬೇಕಾದ ಇನ್ನೂರೈವತ್ತಕ್ಕೆ ಆಧಾರವಾದ ತೆರಿಗೆ ನೀವು ಕಟ್ಟಿಲ್ಲ. ಅದನ್ನ ನೀವೇ ಕಟ್ಟಿಬಿಟ್ಟರೆ ಫೈಲು ಮುಗೀತು. ಸಂಘದ ಬಾಕಿಯೆಲ್ಲ ಸೋಮವಾರವೇ ಹೋಗುತ್ತೆ. ನಿಮ್ಮ ಮಾಲೀಕರಿಗೆ ಬೇಕಾದ್ರೆ ಒಂದು ಪತ್ರ ಬರೆದುಕೊಡ್ತೀನಿ."

ರಾಯರು ಇನ್ನೂರೈವತ್ತು ಎಣಿಸಿ ಕೊಟ್ಟರು. ಅಧಿಕಾರಿ ಇಲಾಖೆಯ ರಸೀದಿ ಪುಸ್ತಕ ತೆರೆದು ಬರೆದು ಹರಿದುಕೊಟ್ಟರು. ರಾಯರು ಅದನ್ನು ಓದಿದರು. ಹಿಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು. ‘ತೆರಿಗೆದಾರರ ಹೆಸರು’ ಎಂಬುದರ ಮುಂದೆ, ಅಂಚೆಯವನಿಗೆ ಮಾತ್ರ ಗೊತ್ತಿದ್ದ ಅವರ ಹೆಸರು, ನೀಲಿ ಶಾಯಿಯಲ್ಲಿ.

"ಸಾರ್," ಎಂದರು ರಸೀದಿಯನ್ನು ಮಡಿಸಿ ಎದೆಯ ಜೇಬಿಗಿಡುತ್ತ, "ಹಾಗಾದ್ರೆ ಈಗ ನಾನು...?"

"ಹೌದು. ಈಗ ಕಟ್ಟಿದ್ದೀರಿ" ಎಂದು ಅಧಿಕಾರಿ ಊರುಗೋಲು ಹುಡುಕಿದರು.

ಕಟ್ಟಡದವರು ನಂಬಿದರೇ? ಇಲ್ಲ. ಮೆಟ್ಟಿಲಿಳಿಯುತ್ತ ಹೆಡ್‌ಮಾಸ್ತರು ಟೈಲರಮ್ಮನಿಗೆ, "ಅಷ್ಟು ದೊಡ್ಡ ಗಂಟನ್ನ ಬರೀ ಇನ್ನೂರೈವತ್ತರಲ್ಲಿ ಮುಗಿಸಿಬಿಟ್ಟರು ನೋಡಿ! ಷಡ್ಡಕನ್ನೂ ಸಿಕ್ಕಿಸಿದರು. ಪಕ್ಕಾ ಆಸಾಮಿ" ಎಂದದ್ದು ಮೇಲಿನವರೆಗೂ ಕೇಳಿಸಿತು. ಬುಧವಾರದ ಹೊತ್ತಿಗೆ ಬೇಕರಿಯವನ ಮನೆಗೆ ತಿರುಗಣೆ ಮಂಚ ಹೋಯಿತು. ಟೈಲ್ಸ್ ಅಂಗಡಿಗೆ ನಾಲ್ಕು ಜನ ಅಧಿಕಾರಿಗಳು ಹೋದರು. ತೂಕದ ಅಂಗಡಿಯ ಮಾಲೀಕರು ಪತ್ರ ಓದಿ ಬಟ್ಟು ಎಣಿಸುವುದನ್ನು ಬಿಟ್ಟರು.

ರಾಯರಿಗೆ ಇದಾವುದರ ಮೇಲೂ ಗಮನವಿರಲಿಲ್ಲ. ಆ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಕಣ್ಣು ಕುಕ್ಕುವ ಬಿಸಿಲಲ್ಲಿ, ಕೆಲಸಕ್ಕೆ ಹೊರಟವರು ಬೀದಿ ತಿರುವಿನಲ್ಲಿ ಗಕ್ಕನೆ ನಿಂತುಬಿಟ್ಟಿದ್ದರು. ಕಂಬದ ಮೇಲಿನ ಬೀದಿ ದೀಪ ಇನ್ನೂ ಉರಿಯುತ್ತಿತ್ತು. ಕೆಳಗೆ ಲೈನ್‌ಮನ್ ಏಣಿಗೆ ಒರಗಿ ಟೀ ಕುಡಿಯುತ್ತಿದ್ದ. ರಾಯರು ಅವನ ಎದುರು ಹೋಗಿ ನಿಂತು, ಎದೆಯ ಜೇಬನ್ನು ಒಮ್ಮೆ ಮುಟ್ಟಿಕೊಂಡು, ಬೀದಿಯ ಎರಡೂ ತುದಿಗೆ ಕೇಳುವಂತೆ ಗುಡುಗಿದರು:

"ಏನಯ್ಯಾ, ಇದು ಯಾರ ದುಡ್ಡು ಅಂದ್ಕೊಂಡಿದ್ದೀಯಾ?"